ಆಶೆ-ನಿರಾಶೆಗಳ ನಡುವೆ ನೇತ್ರಾವತಿ

ಸಂಜೆಯ ವಾರ್ತೆ ಮುಗಿದ ಮೇಲೆ ನಮ್ಮ ಮನೆಗಳಲ್ಲಿ ಒಂದು ಚರ್ಚೆ ಏಳುವುದುಂಟು. ಎಲ್ಲಿಯೋ ನೆರೆ ಬಂದಿದೆ, ಎಲ್ಲಿಯೋ ಗುಡ್ಡ ಜರಿದಿದೆ, ಮತ್ತೆಲ್ಲಿಯೋ ಹಲವು ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ಭೂಮಿಯ ಕಾವಿನ ಬಗ್ಗೆ ನಿರ್ಣಯ ಮಾಡಿದ್ದಾರೆ. 2015ರಲ್ಲಿ ಪ್ಯಾರಿಸಿನಲ್ಲಿ ಕೂಡಿದವರು ಈ ಕಾವು ಕಾರಖಾನೆಗಳ ಯುಗಕ್ಕೆ ಮೊದಲಿದ್ದುದಕ್ಕಿಂತ ಒಂದೂವರೆ ಡಿಗ್ರಿಗಿಂತ ಹೆಚ್ಚು ಏರದಂತೆ ನೋಡಲು ಯತ್ನಿಸುವೆವೆಂದು ಮಾತು ಕೊಟ್ಟಿದ್ದರು. 2024ರ ಇಡೀ ವರ್ಷದ ಸರಾಸರಿಯೇ ಆ ಗೆರೆಯನ್ನು ದಾಟಿತು. ಒಂದು ವರ್ಷ ದಾಟಿದ ಮಾತ್ರಕ್ಕೆ ಮಾತು ತಪ್ಪಿದಂತಾಗಲಿಲ್ಲ, ಅನೇಕ ವರ್ಷಗಳ ಸರಾಸರಿಯನ್ನು ನೋಡಬೇಕು ಎಂದು ಬಲ್ಲವರು ವಿವರಿಸುತ್ತಾರೆ. ಜಗಲಿಯಲ್ಲಿ ಕುಳಿತು ಕೇಳಿದವರಿಗೆ ಅದರಿಂದ ಅಷ್ಟೇನೂ ಸಮಾಧಾನವಾಗುವುದಿಲ್ಲ. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಹಿರಿಯರು ಕಲಿಗಾಲವೆಂದು ನಿಟ್ಟುಸಿರು ಬಿಡುವುದು, ಕಿರಿಯರು ವಿಜ್ಞಾನ ದಾರಿ ಹುಡುಕುತ್ತದೆ ಎನ್ನುವುದು ವಾಡಿಕೆಯಾಗಿತ್ತು. ಈಗ ಅದು ತಿರುವುಮುರುವಾಗಿದೆ. ಕಾಲೇಜಿಗೆ ಹೋಗುವ ಹುಡುಗಿ "ಇನ್ನು ಏನೂ ಉಳಿಯುವುದಿಲ್ಲ" ಎನ್ನುತ್ತಾಳೆ; ಅಜ್ಜ "ಎಲ್ಲ ಸರಿಹೋಗುತ್ತದೆ ಮಗಾ" ಎನ್ನುತ್ತಾರೆ.

ಇಬ್ಬರಲ್ಲಿ ಯಾರ ಮಾತು ಸರಿ? ಭವಿಷ್ಯ ನುಡಿಯುವುದು ಚರಿತ್ರೆಯ ಕೆಲಸವಲ್ಲ. ಆದರೆ ಮಂಗಳೂರಿನವರಾದ ನಮಗೆ ಒಂದು ಅನುಕೂಲವಿದೆ. ಈ ಎರಡು ಮಾತುಗಳನ್ನೂ ನಮ್ಮ ಊರು ಹಿಂದೆ ಅನೇಕ ಸಲ ಕೇಳಿದೆ. ಹೇಳಿದವರು ಯಾರು, ಹೇಳಿದ್ದೇನು, ಆಮೇಲೆ ಆದದ್ದೇನು ಎಂಬುದನ್ನು ಒಂದಕ್ಕೊಂದು ಎದುರಿಟ್ಟು ನೋಡಬಹುದು. ಹಾಗೆ ನೋಡಿದರೆ ಅಜ್ಜನಿಗೂ ಮೊಮ್ಮಗಳಿಗೂ ಸ್ವಲ್ಪ ಸ್ವಲ್ಪ ಇರುಸುಮುರುಸಾಗುವ ಸಂಗತಿಗಳೇ ಸಿಕ್ಕುತ್ತವೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತಷ್ಟೆ. ಕೈಗೆ ಬಂದ ಸೊತ್ತು ಎಂಥದೆಂದು ತಿಳಿಯುವುದಕ್ಕಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು 1800ರಲ್ಲಿ ಮದರಾಸಿನಿಂದ ಪ್ರಯಾಣ ಹೊರಡಿಸಿದ. ಆತ ಮೈಸೂರು ಮಲಬಾರುಗಳನ್ನು ಸುತ್ತಿ 1801ರ ಮೊದಲ ತಿಂಗಳುಗಳಲ್ಲಿ ನಮ್ಮ ಜಿಲ್ಲೆಗೆ ಬಂದ. ಕಂಡ ಬೆಳೆ, ಕಂಡ ಮರ, ಕಂಡ ಜನರ ವಿಚಾರವನ್ನೆಲ್ಲ ಬರೆದಿಟ್ಟ. ಅವನು ಬರೆದುದರಲ್ಲಿ ಕುಮರಿ ಬೇಸಾಯದ ಸಂಗತಿಯೂ ಇದೆ. ಘಟ್ಟದ ಬುಡದ ಜನ ಕಾಡಿನ ಒಂದು ತುಂಡನ್ನು ಕಡಿದು, ಬಿಸಿಲಿಗೆ ಒಣಗಲು ಬಿಟ್ಟು, ಮಳೆಗೆ ಮುಂಚೆ ಸುಟ್ಟು, ಆ ಬೂದಿಯಲ್ಲಿ ಭತ್ತವನ್ನೋ ರಾಗಿಯನ್ನೋ ಬಿತ್ತುತ್ತಿದ್ದರು. ಒಂದೆರಡು ಬೆಳೆ ತೆಗೆದು ಬೇರೆ ತುಂಡಿಗೆ ಹೋಗುವುದು, ಬಿಟ್ಟ ನೆಲದಲ್ಲಿ ಹಲವು ವರ್ಷ ಕಾಡು ಬೆಳೆಯಗೊಡುವುದು, ಇದೇ ಕುಮರಿಯ ಕ್ರಮ.

ಅರ್ಧ ಶತಮಾನ ಕಳೆಯುವುದರೊಳಗೆ ಈ ಹೊಗೆ ಕೆಲವರ ಕಣ್ಣಿಗೆ ಪ್ರಳಯದ ಹೊಗೆಯಂತೆ ಕಾಣತೊಡಗಿತು. ಕಾಡು ಹೋದರೆ ಮಳೆ ಕಡಿಮೆಯಾಗುತ್ತದೆ, ತೊರೆ ಬತ್ತುತ್ತದೆ, ಕ್ಷಾಮ ಬರುತ್ತದೆ ಎಂಬ ಭಯ ಅಂದಿನ ಕಂಪೆನಿ ಸರಕಾರದ ವೈದ್ಯರಲ್ಲಿ ಹರಡಿತ್ತು. ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಅವರಲ್ಲೊಬ್ಬ. 1850ರಲ್ಲಿ ಎಡಿನ್‌ಬರೋದಲ್ಲಿ ಕೂಡಿದ ಬ್ರಿಟಿಷ್ ವಿಜ್ಞಾನ ಸಂಘ ಉಷ್ಣವಲಯದ ಕಾಡುಗಳ ನಾಶವನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. ಮರುವರ್ಷ ಬಂದ ಅದರ ವರದಿಯಲ್ಲಿ ಕ್ಲೆಗಾರ್ನನ ಕೈ ದೊಡ್ಡದು. ಭೂಮಿಯ ಹವೆಯನ್ನು ಮನುಷ್ಯ ಕೆಡಿಸುತ್ತಿದ್ದಾನೆಂಬ ಆತಂಕ ನಮ್ಮ ಕಾಲದ್ದೆಂದು ನಾವು ತಿಳಿದಿದ್ದೇವೆ. ಅದು ನೂರೆಪ್ಪತ್ತು ವರ್ಷಗಳಿಗೂ ಹಳೆಯದು, ಅದರಲ್ಲಿಯೂ ನಮ್ಮ ಘಟ್ಟಗಳ ಅನುಭವದ ಪಾಲಿದೆ.

1856ರಲ್ಲಿ ಕ್ಲೆಗಾರ್ನ್ ಮದರಾಸು ಪ್ರಾಂತದ ಅರಣ್ಯ ಸಂರಕ್ಷಕನಾದ. 1860ರಲ್ಲಿ ಅಪ್ಪಣೆಯಿಲ್ಲದೆ ಸರಕಾರಿ ಕಾಡಿನಲ್ಲಿ ಕುಮರಿ ಕಡಿಯಕೂಡದೆಂದು ಸರಕಾರ ಆಜ್ಞೆ ಹೊರಡಿಸಿತು. 1882ರ ಮದರಾಸು ಅರಣ್ಯ ಕಾಯಿದೆ ಬೇಲಿಯನ್ನು ಇನ್ನಷ್ಟು ಬಿಗಿ ಮಾಡಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಅದೇ 1856ರಲ್ಲಿ ಮದರಾಸಿನ ಮೊದಲ ರೈಲು ಓಡಿತು. ರೈಲಿನ ಕಂಬಿಯ ಕೆಳಗೆ ಹಾಸಲು ಮರ ಬೇಕಾಯಿತು, ಇಂಜಿನ್ನಿನ ಒಲೆಗೂ ಸೌದೆ ಬೇಕಾಯಿತು. ಹಡಗು ಕಟ್ಟುವುದಕ್ಕೆ ತೇಗವಂತೂ ಮೊದಲಿನಿಂದಲೂ ಹೋಗುತ್ತಲೇ ಇತ್ತು. ಕ್ಲೆಗಾರ್ನನಿಗೆ ಇದು ತಿಳಿಯದ್ದಲ್ಲ. ಮರದ ಕಂತ್ರಾಟುದಾರರ ಮೇಲೂ ಅವನಿಗೆ ಅಸಮಾಧಾನವಿತ್ತು. ಆದರೆ ಗುಡ್ಡದ ಮೇಲಿನ ಬೆಂಕಿ ಹತ್ತು ಮೈಲಿಗೆ ಕಾಣುತ್ತದೆ, ಕಂತ್ರಾಟುದಾರನ ಕೊಡಲಿ ಕಾಣುವುದಿಲ್ಲ. ಬೇಲಿ ಬಿದ್ದದ್ದು ಬೆಂಕಿ ಹಾಕುವವನ ಮೇಲೆ. ಕುಮರಿಯನ್ನು ನಂಬಿದ್ದ ಮಲೆಯ ಜನ ತೋಟಗಳಲ್ಲಿ ಕೂಲಿಗೆ ಇಳಿದರು. ನಿರಾಶಾವಾದಿಗಳು ಲೋಕವನ್ನು ಎಚ್ಚರಿಸುತ್ತಾರೆಂದು ನಾವು ಅವರನ್ನು ಗೌರವಿಸುತ್ತೇವೆ, ಸರಿಯೇ. ಆದರೆ ಭಯಕ್ಕೆ ಪರಿಹಾರ ಹುಡುಕುವ ಹೊತ್ತಿನಲ್ಲಿ ದಂಡ ಯಾರಿಗೆ ಬೀಳುತ್ತದೆ ಎಂಬುದನ್ನೂ ಕೇಳಬೇಡವೆ?

ಭಯವಾದರೂ ನಿಜವಾಯಿತೇ? ಮಂಗಳೂರಿನಲ್ಲಿ ಮಳೆಯೇನೂ ನಿಲ್ಲಲಿಲ್ಲ. ಇಂದಿಗೂ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಆದರೆ ತೊರೆ ಬತ್ತುತ್ತದೆ ಎಂದದ್ದು ಸುಳ್ಳಾಗಲಿಲ್ಲ. 2019ರ ಮೇ ತಿಂಗಳಿನಲ್ಲಿ ತುಂಬೆಯ ಅಣೆಕಟ್ಟಿನ ನೀರು ಇಳಿದು ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟದ್ದನ್ನು ನೀವು ಮರೆತಿರಲಾರಿರಿ. ಅರ್ಧ ಸರಿ, ಅರ್ಧ ತಪ್ಪು. ಹೆಚ್ಚಿನ ಭವಿಷ್ಯವಾಣಿಗಳ ಗತಿ ಹೀಗೆಯೇ.

ಇನ್ನು ಆಶೆಯ ಕಡೆಗೆ ಬರೋಣ. ನಮ್ಮ ಊರಿನಲ್ಲಿ ಆಶೆಗೆ ಕೆಂಪು ಬಣ್ಣ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು ಅಚ್ಚುಕೂಟ ಹಾಕಿದರು, ಮಗ್ಗ ಹೂಡಿದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರಖಾನೆ ತೆರೆದರು. ಅದುವರೆಗೆ ಸಾಮಾನ್ಯರ ಮನೆಗೆ ಮುಳಿಹುಲ್ಲಿನ ಇಲ್ಲವೆ ತೆಂಗಿನ ಮಡಲಿನ ಮಾಡು. ವರ್ಷ ವರ್ಷ ಹೊದೆಸಬೇಕು. ಒಂದು ಮನೆಗೆ ಕಿಡಿ ಬಿದ್ದರೆ ಇಡೀ ಕೇರಿ ಉರಿಯುತ್ತದೆ. ಒಂದಕ್ಕೊಂದು ಕಚ್ಚಿ ಕುಳಿತುಕೊಳ್ಳುವ ಈ ಹೊಸ ಹೆಂಚು ಹಗುರ, ಬಾಳಿಕೆ ಬರುವಂಥದು, ಬೆಂಕಿಗೆ ಹೆದರದು. ನದಿಯ ದಡದಲ್ಲಿ ಬೇಕಾದಷ್ಟು ಜೇಡಿಮಣ್ಣು, ಮೇಲಿನ ಕಾಡಿನಿಂದ ದೋಣಿಯಲ್ಲಿ ತೇಲಿ ಬರುವ ಸೌದೆ, ಎದುರಿಗೇ ಬಂದರು. ಮೂರು ವರ್ಷದೊಳಗೆ ಊರಿನ ಆಲ್ಬುಕರ್ಕ್ ಮನೆತನದವರೂ ಕಾರಖಾನೆ ಹಾಕಿದರು. ನೇತ್ರಾವತಿ, ಗುರುಪುರ ನದಿಗಳೆರಡರ ದಡದಲ್ಲಿಯೂ ಕೊಳವಿಗಳೆದ್ದವು. ಮಂಗಳೂರು ಹೆಂಚು ಆಫ್ರಿಕದ ಪೂರ್ವ ಕರಾವಳಿಯವರೆಗೆ, ಆಸ್ಟ್ರೇಲಿಯದವರೆಗೆ ಹೋಯಿತು. ಬಡವನ ಮನೆ ಉರಿಯದಂತಾದದ್ದು ಸಣ್ಣ ಉಪಕಾರವೆ? ಅದನ್ನು ಹಗುರವಾಗಿ ಮಾತಾಡುವವರು ಮುಳಿಯ ಮಾಡಿನ ಕೆಳಗೆ ಒಂದು ಮಳೆಗಾಲ ಕಳೆದಿರಲಿಕ್ಕಿಲ್ಲ.

ಆದರೆ ಹೆಂಚು ಸುಡುವುದಕ್ಕೆ ಭಟ್ಟಿ ಉರಿಯಬೇಕು, ಭಟ್ಟಿಗೆ ಮರ ಬೇಕು. ಕುಮರಿಯ ಬೆಂಕಿಯನ್ನು ಆರಿಸಿದ ಐದೇ ವರ್ಷಕ್ಕೆ ಕಾಡಿಗೆ ಈ ಇನ್ನೊಂದು ಬೆಂಕಿಯ ಬಾಯಿ ತೆರೆಯಿತು. ಇದಕ್ಕೆ ಹೊಗೆಕೊಳವಿ ಇತ್ತು, ಲೆಕ್ಕಪುಸ್ತಕವಿತ್ತು, ಆದ್ದರಿಂದ ಯಾರಿಗೂ ಇದು ಕಾಡಿನ ನಾಶವಾಗಿ ಕಾಣಲಿಲ್ಲ. ನೂರು ವರ್ಷ ದಾಟಿದ ಮೇಲೆ ಸೌದೆಗೂ ಮಣ್ಣಿಗೂ ಬರಗಾಲ ಬಂದು, ತಾರಸಿ ಮನೆಗಳೂ ಹೆಚ್ಚಿ, ಕಾರಖಾನೆಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು.

ಆ 1865ರಲ್ಲಿಯೇ ಇಂಗ್ಲೆಂಡಿನಲ್ಲಿ ಸ್ಟ್ಯಾನ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ ಕಲ್ಲಿದ್ದಲಿನ ಪ್ರಶ್ನೆಯನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದ. ಇದ್ದಲು ಸಾಲದೆ ಹೋಗಿ ಇಂಗ್ಲೆಂಡಿನ ಏಳಿಗೆ ನಿಂತುಹೋಗುತ್ತದೆ ಎಂಬುದು ಅವನ ಭಯ. ಯಂತ್ರವನ್ನು ಸುಧಾರಿಸಿ ಇದ್ದಲನ್ನು ಉಳಿಸುತ್ತೇವೆ ಎನ್ನುವವರಿಗೆ ಅವನು ಕೊಟ್ಟ ಉತ್ತರ ಸ್ವಾರಸ್ಯವಾದುದು: ಯಂತ್ರ ಮಿತವ್ಯಯಿಯಾದಷ್ಟೂ ಯಂತ್ರಗಳ ಸಂಖ್ಯೆ ಹೆಚ್ಚಿ, ಒಟ್ಟಿನಲ್ಲಿ ಇದ್ದಲು ಹೆಚ್ಚೇ ಖರ್ಚಾಗುತ್ತದೆ. ಇದು ನಿಜವಾಯಿತು. ಆದರೆ ಇದ್ದಲು ಮುಗಿದುಹೋಗಲಿಲ್ಲ. ಇದ್ದಲಿನ ಕೊರತೆಯಿಂದಲ್ಲ, ಅದರ ಹೇರಳದಿಂದಲೇ ಇಂದು ಭೂಮಿ ಕಾಯುತ್ತಿದೆ. ಕಾಗದಕ್ಕೂ ಕೊರತೆ ಬಂದೀತೆಂದು ಈ ಮಹನೀಯ ಕಾಗದವನ್ನೂ ಮನೆಯಲ್ಲಿ ರಾಶಿ ಹಾಕಿದ್ದನಂತೆ. ಅವನು ಸತ್ತು ಐವತ್ತು ವರ್ಷವಾದರೂ ಮಕ್ಕಳಿಗೆ ಅದನ್ನು ಖರ್ಚುಮಾಡಿ ಮುಗಿಸಲಾಗಿರಲಿಲ್ಲವೆಂದು ಕೇನ್ಸ್ ಬರೆದಿದ್ದಾನೆ. ಹೆದರಬೇಕಾದದ್ದು ಇತ್ತು. ಯಾವುದಕ್ಕೆ ಹೆದರಬೇಕೆಂಬುದು ಮಾತ್ರ ಜಾಣನಿಗೂ ಹೊಳೆಯಲಿಲ್ಲ.

ನಮ್ಮ ಕಾಲಕ್ಕೆ ಹತ್ತಿರವಾದ ಕುದುರೆಮುಖದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಆಶೆ-ನಿರಾಶೆಗಳ ಜಗಳ ಅಲ್ಲಿ ಚೆನ್ನಾಗಿ ಕಾಣುತ್ತದೆ. ಆ ಬೆಟ್ಟದಲ್ಲಿ ಕಬ್ಬಿಣದ ಅದಿರಿದೆಯೆಂದು ಮೈಸೂರಿನ ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರರು 1913ರಲ್ಲಿಯೇ ಕಂಡಿದ್ದರು. 1976ರಲ್ಲಿ ಇರಾನಿಗೆ ಅದಿರು ಕೊಡುವ ಒಪ್ಪಂದದ ಮೇಲೆ ಕುದುರೆಮುಖ ಕಂಪೆನಿ ಹುಟ್ಟಿತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಕೊಳ್ಳುವವರೇ ಇಲ್ಲವಾದರೂ ಕೆಲಸ ನಿಲ್ಲಲಿಲ್ಲ. ಬೆಟ್ಟವನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ನಮ್ಮ ಪಣಂಬೂರಿಗೆ ಹರಿಸಿದರು. ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಅಗೆದುದರಲ್ಲಿ ಅರ್ಧಕ್ಕೂ ಹೆಚ್ಚು ಕಸವಾಗಿ ಉಳಿಯುತ್ತಿತ್ತು. ಅದನ್ನು ಹಿಡಿದಿಡಲು ಲಕ್ಯಾ ಹೊಳೆಗೆ ಭಾರಿ ಕಟ್ಟೆ ಕಟ್ಟಿದರು. ಮೇಲೆ ವರ್ಷಕ್ಕೆ 6,000 ಮಿಲಿಮೀಟರಿಗೂ ಮೀರಿದ ಮಳೆ, ಕೆಳಗೆ ಭದ್ರೆ. ತುಂಗೆ, ನೇತ್ರಾವತಿಗಳೂ ಹುಟ್ಟುವುದು ಆ ಬೆಟ್ಟಸಾಲಿನಲ್ಲಿಯೇ.

ಇದು ನಿಂತೀತೆಂದು ಆಗ ಯಾರು ನಂಬಿದ್ದರು? ಕೇಂದ್ರ ಸರಕಾರದ ಉದ್ಯಮ, ವಿದೇಶಿ ನಾಣ್ಯ, ಸಾವಿರಾರು ಸಂಸಾರಗಳ ಅನ್ನ. ನಿಲ್ಲಿಸುವ ಮಾತೆತ್ತಿದವರನ್ನು ಹುಚ್ಚರೆನ್ನುವುದು ಸುಲಭವಾಗಿತ್ತು. ಈ ನಡುವೆ, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು ಆಮೇಲೆ ಕಾಡಿನ ಹಾದಿ ಹಿಡಿದ ಪುತ್ತೂರಿನ ಉಲ್ಲಾಸ ಕಾರಂತರು 1980ರ ದಶಕದ ಮೊದಲಲ್ಲಿ ಘಟ್ಟಗಳನ್ನು ಸುತ್ತಿ ಸಿಂಗಳೀಕಗಳು ಎಲ್ಲೆಲ್ಲಿ ಉಳಿದಿವೆಯೆಂದು ಸಮೀಕ್ಷೆ ಮಾಡಿದರು. ಆ ಸಮೀಕ್ಷೆಯ ಆಧಾರದ ಮೇಲೆ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು. ಗಣಿಯೇನೂ ನಿಲ್ಲಲಿಲ್ಲ, ಆದರೆ ಗಣಿಯ ಸುತ್ತ ಕಾನೂನಿನ ಒಂದು ಗೆರೆ ಬಿತ್ತು. ಬಳಿಕ ಮಳೆಗಾಲದಲ್ಲಿ ಭದ್ರೆಯ ನೀರಿನಲ್ಲಿ ಎಷ್ಟು ಹೂಳು ಹೋಗುತ್ತಿದೆಯೆಂದು ಅಳೆದವರು ಬಂದರು. ನಾಗರಹೊಳೆಯಲ್ಲಿ ವಲಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರ ಹೆಸರಿನ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಇದು ಆಶಾವಾದಿಯ ಕಥೆಯೆಂದು ನೀವು ಎನ್ನುವಷ್ಟರಲ್ಲಿ ಸಿನಿಕನೊಬ್ಬ ಎದ್ದು ನಿಲ್ಲುತ್ತಾನೆ. ಅವನ ಮಾತಿಗೂ ಬಲವುಂಟು. ಕುದುರೆಮುಖ ನಿಂತ ಕಾಲಕ್ಕೇ ಬಳ್ಳಾರಿಯ ಗುಡ್ಡಗಳನ್ನು ಹಗಲಿರುಳು ಅಗೆದರು. ಅಲ್ಲಿನ ಅದಿರಿನ ಲಾರಿಗಳು ಶಿರಾಡಿ ಘಾಟಿಯ ರಸ್ತೆಯನ್ನು ಕುಲಗೆಡಿಸಿಕೊಂಡು ಪಣಂಬೂರಿನ ಬಂದರಿಗೇ ಬಂದವು. ಒಂದು ಬೆಟ್ಟ ಉಳಿಯಿತು, ಅದರ ಪಾಲಿನ ಪಾಡು ಇನ್ನೊಂದು ಬೆಟ್ಟಕ್ಕೆ ಬಂತು. 2010ರಲ್ಲಿ ರಾಜ್ಯ ಸರಕಾರ ಅದಿರಿನ ರಫ್ತನ್ನು ನಿಲ್ಲಿಸಿತು, 2011ರಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂತು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಅಷ್ಟರಲ್ಲಿ ಹೋದ ಬೆಟ್ಟ ಹೋಗಿಯಾಗಿತ್ತು. ಲಕ್ಯಾದ ಕಟ್ಟೆಯ ಹಿಂದಿನ ಹೂಳೂ ಎಲ್ಲಿಗೂ ಹೋಗಿಲ್ಲ.

ಹೀಗಾಗಿ ನನಗೆ ತೋರುವುದಿಷ್ಟು. "ಎಲ್ಲ ಸರಿಹೋಗುತ್ತದೆ" ಎನ್ನುವವನೂ "ಏನೂ ಆಗುವುದಿಲ್ಲ" ಎನ್ನುವವನೂ ಒಂದು ವಿಷಯದಲ್ಲಿ ಜೊತೆಗಾರರು: ಇಬ್ಬರಿಗೂ ಮಾಡಲು ಕೆಲಸ ಉಳಿದಿಲ್ಲ. ಕುದುರೆಮುಖದಲ್ಲಿ ಗಣಿಯನ್ನು ನಿಲ್ಲಿಸಿದವರು ಈ ಎರಡು ಗುಂಪಿಗೂ ಸೇರಿದವರಲ್ಲ. ಅವರು ಮಂಗವನ್ನು ಎಣಿಸಿದರು, ಹೂಳನ್ನು ತೂಗಿದರು, ಆ ಲೆಕ್ಕವನ್ನು ಅಲ್ಲಗಳೆಯಲಾಗದ ಒಂದು ಸ್ಥಳದಲ್ಲಿ ತಂದು ಇಟ್ಟರು. ಹೊರಗಿನ ಲೋಕದಲ್ಲಿಯೂ ಇದಕ್ಕೆ ನಿದರ್ಶನವಿದೆ. ದಕ್ಷಿಣ ಧ್ರುವ ಪ್ರದೇಶದ ಹ್ಯಾಲಿ ಎಂಬಲ್ಲಿ ಬ್ರಿಟಿಷರು 1950ರ ದಶಕದಿಂದ ಆಕಾಶದ ಓಜೋನನ್ನು ಅಳೆಯುತ್ತ ಬಂದಿದ್ದರು. ಬಹುಕಾಲ ಅದು ಯಾರಿಗೂ ಬೇಡವಾದ ಅಂಕೆಗಳ ಪಟ್ಟಿ. 1985ರಲ್ಲಿ ಓಜೋನ್ ಪದರ ತೆಳುವಾಗಿದೆಯೆಂದು ಗೊತ್ತಾದದ್ದು ಆ ಪಟ್ಟಿಯಿಂದಲೇ. ಎರಡು ವರ್ಷದಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, ಪದರ ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ.

ಲೆಕ್ಕವಿಟ್ಟವರೆಲ್ಲ ಗೆದ್ದರೆಂದು ಇದರ ಅರ್ಥವಲ್ಲ. ಶಿವರಾಮ ಕಾರಂತರು ಕೈಗಾದ ಅಣುಸ್ಥಾವರವನ್ನು ವಿರೋಧಿಸಿ, 1989ರ ಲೋಕಸಭಾ ಚುನಾವಣೆಯಲ್ಲಿ ತಮ್ಮ 87ನೆಯ ವಯಸ್ಸಿನಲ್ಲಿ ಉತ್ತರ ಕನ್ನಡದಿಂದ ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಸ್ಪರ್ಧಿಸಿದರು, ಸೋತರು. 2000ದಲ್ಲಿ ಕೈಗಾದ ವಿದ್ಯುತ್ತು ಹರಿಯಿತು.

ಗೆದ್ದರೂ ತಡವಾಗಿ ಗೆದ್ದದ್ದುಂಟು. 1956ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ಕಾಸರಗೋಡಿನಲ್ಲಿ ಸರಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ವಿಷ ಸಿಂಪಡಿಸುತ್ತಿದ್ದರು. ಗುಡ್ಡದ ಮೇಲೆ ಬಿದ್ದ ವಿಷ ಮಳೆಯಲ್ಲಿ ತೊರೆಗೆ, ತೊರೆಯಿಂದ ಮನೆಗೆ. ಹುಟ್ಟುವ ಕರುಗಳು ವಿಕಾರವಾಗಿರುವುದನ್ನು ಮೊದಲಿಗೆ ಕಂಡು ಬರೆದವರು ಪತ್ರಕರ್ತ ಶ್ರೀಪಡ್ರೆ. ಪಡ್ರೆಯ ವಾಣೀನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು, ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಬುದ್ಧಿಮಾಂದ್ಯ, ಇಷ್ಟು ಅರ್ಬುದ ಏಕೆಂದು ತಮ್ಮ ರೋಗಿಗಳನ್ನು ಮನೆಮನೆಯಾಗಿ ಗುರುತಿಸಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹೂಡಿದರು. 2000ದ ಕೊನೆಗೆ ಸಿಂಪರಣೆ ನಿಂತಿತು; 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ಆ ವಿಷವನ್ನು ತಡೆಹಿಡಿಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಸಿಂಪರಣೆಯಲ್ಲಿ ಹುಟ್ಟಿದ ಮಕ್ಕಳು ಇಂದು ವಯಸ್ಕರು. ಅವರಲ್ಲಿ ಕೆಲವರನ್ನು ಇಂದಿಗೂ ವೃದ್ಧ ತಾಯಂದಿರು ಎತ್ತಿ ಕೂರಿಸಿ ಉಣಿಸಬೇಕು. ಈ ಮನೆಗಳ ಮುಂದೆ ನಿಂತು "ಕೊನೆಗೆ ಸತ್ಯ ಗೆದ್ದಿತು" ಎನ್ನಲು ನಾಲಿಗೆ ಹೊರಳುವುದಿಲ್ಲ.

ಈಗ ನಮ್ಮೆದುರಿಗಿರುವುದು ನೇತ್ರಾವತಿಯ ಪ್ರಶ್ನೆ. ಸಕಲೇಶಪುರದ ಕಡೆ ಹುಟ್ಟುವ ಎತ್ತಿನಹೊಳೆ ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವಂಥದು. ಅದರ ಮಳೆಗಾಲದ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬಯಲುಸೀಮೆಯ ಜಿಲ್ಲೆಗಳಿಗೆ ಒಯ್ಯುವ ಯೋಜನೆಗೆ 2012ರಲ್ಲಿ ಅಂದಾಜಿಸಿದ ವೆಚ್ಚ 8,323 ಕೋಟಿ ರೂಪಾಯಿ. 2023ಕ್ಕೆ ಅದು 23,251 ಕೋಟಿಯಾಯಿತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಉದ್ಘಾಟನೆಯಾಗಿದೆ. ಕೋಲಾರದವರ ಬಾಯಾರಿಕೆ ಸುಳ್ಳಲ್ಲ. ಸಾವಿರ ಅಡಿ ಕೊರೆದು ಫ್ಲೋರೈಡಿನ ನೀರು ಕುಡಿಯುವವರನ್ನು, ಸಮುದ್ರಕ್ಕೆ ಹೋಗುವ ನೀರನ್ನು ಕೇಳಿದ್ದಕ್ಕಾಗಿ ನಾವು ಜರೆಯುವುದು ಸಲ್ಲದು. ಆದರೆ ಕೊಡುವುದಕ್ಕೆ ಎಷ್ಟು ನೀರಿದೆ? ಸರಕಾರದ ಲೆಕ್ಕ 24.01 ಟಿ.ಎಂ.ಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು ಕಟ್ಟಿದ ಲೆಕ್ಕ 9.55 ಟಿ.ಎಂ.ಸಿ. ಹೊಳೆ ಅದೇ, ಮಳೆಯೂ ಅದೇ. ಎರಡನೆಯ ಲೆಕ್ಕ ನಿಜವಾದರೆ ಕೋಲಾರಕ್ಕೂ ನೀರಿಲ್ಲ, ತುಂಬೆಗೂ ಆತಂಕ ತಪ್ಪಿದ್ದಲ್ಲ.

ಪ್ರತಿ ಮಳೆಗಾಲದಲ್ಲಿ ಆ ಹೊಳೆಯಿಂದ ಎಷ್ಟು ನೀರು ಎತ್ತಿದರು, ಎಷ್ಟು ಕೆಳಕ್ಕೆ ಬಿಟ್ಟರು ಎಂಬ ಅಂಕೆಗಳನ್ನು ಕೇಳಿ ಪಡೆಯುವ ಹಕ್ಕು ನಮಗೂ ಕೋಲಾರದವರಿಗೂ ಸಮಾನವಾಗಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಮನೆಯ ಮಕ್ಕಳಿಗೆ ಮಳೆಯನ್ನು ಅಳೆಯುವ ಆಸಕ್ತಿಯಿದ್ದರೆ ಅದಕ್ಕೂ ದೊಡ್ಡ ಸಲಕರಣೆ ಬೇಡ: ಬಾಯಿಯೂ ತಳವೂ ಒಂದೇ ಅಗಲವಿರುವ ಡಬ್ಬಿ, ಒಂದು ಅಡಿಪಟ್ಟಿ, ಮರದ ನೆರಳೂ ಮಾಡಿನ ಹನಿಯೂ ಬೀಳದ ಅಂಗಳದ ಮೂಲೆ. ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಅಳೆಯುವುದು ಬೆಳಿಗ್ಗೆ 8-30ಕ್ಕೆ. ನೀವೂ ಅದೇ ಹೊತ್ತಿಗೆ ಅಳೆದು ಬರೆದಿಟ್ಟರೆ ಅವರ ಅಂಕೆಯೊಡನೆ ಹೋಲಿಸಿ ನೋಡಬಹುದು.